ಕೆಮ್ಮು ತೆಗೆಯುವ ಕೆಲಸ

ಫೆಬ್ರವರಿ 2, ಗುರುವಾರ

ಇವತ್ತು ಮೂಗಿನ ಪಾಠ. ದೊಡ್ಡಮ್ಮ ಗಾಜಿನ ಆಚೆ ಮೈಕಿನ ಮುಂದೆ, ನಾನು ಈಚೆ ಹೆಡ್‌ಫೋನಿನೊಳಗೆ. ಅವಳು ಓದುತ್ತಾಳೆ, ನಾನು ಕತ್ತರಿಸುತ್ತೇನೆ. ಕೆಮ್ಮು ತೆಗಿ. ಹಾಳೆ ಮಗುಚಿದ ಸದ್ದು ತೆಗಿ. ತುಟಿ ಅಂಟಿ ಬಿಟ್ಟ ಸದ್ದು ತೆಗಿ. ಉಸಿರು ತೆಗಿ. ಕೊನೆಗೆ ಉಳಿಯುವುದು ಬರೀ ಮಾತು — ಎದೆ, ಹೊಟ್ಟೆ, ಮೂಗು ಏನೂ ಇಲ್ಲದವರು ಆಡಿದ ಹಾಗೆ.

ಕಣ್ಣು ಕಾಣದ ಮಕ್ಕಳಿಗಾಗಿ ಪಾಠದ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡುತ್ತೇವೆ. ಈ ಸಲ ದೇಹದ ಬಗ್ಗೆ ಒಂದು ದಪ್ಪ ಪುಸ್ತಕ. ಸ್ಟುಡಿಯೋ ಅಂದರೆ ಎರಡು ಕೋಣೆ, ಗೋಡೆ ತುಂಬ ಮೊಟ್ಟೆ ಟ್ರೇ, ಕೆಳಗೆ ಟೈರ್ ಅಂಗಡಿ. ಅವರು ಗಾಳಿ ತುಂಬುವ ಮಷೀನ್ ಹಾಕಿದಾಗಲೆಲ್ಲ ನಮ್ಮ ಯಜಮಾನರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ "ಸೈಲೆನ್ಸ್!" ಎಂದು ಕೂಗುತ್ತಾರೆ. ಇಡೀ ರಸ್ತೆಯಲ್ಲಿ ಅವರಷ್ಟು ಗದ್ದಲ ಯಾರದೂ ಇಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಸೈಲೆನ್ಸಣ್ಣ.

ಮೂಗಿನೊಳಗಿನ ದಾರಿ ನೆಟ್ಟಗಿಲ್ಲವಂತೆ. ಬೇಕೆಂದೇ ಅಂಕುಡೊಂಕು. ಗಾಳಿ ತಿರುವಿನಲ್ಲಿ ತಿರುಗಿಕೊಳ್ಳುತ್ತದೆ, ಧೂಳಿಗೆ ತಿರುಗಲು ಬರುವುದಿಲ್ಲ, ಹೋಗಿ ಒದ್ದೆ ಗೋಡೆಗೆ ಹೊಡೆದು ಅಂಟಿಕೊಳ್ಳುತ್ತದೆ. ಸ್ಪೀಡಾಗಿ ಬಂದ ಬೈಕು ತಿರುವಿನಲ್ಲಿ ಗದ್ದೆಗೆ ಬೀಳುವ ಹಾಗೆ.

ಸಂಜೆ ಮನೆಗೆ ಬಂದು ಕರವಸ್ತ್ರಕ್ಕೆ ಮೂಗು ಸೀಟಿ ನೋಡಿದೆ. ಕಪ್ಪು. ಟೈರಿನ ಕಪ್ಪು. ಬೆಳಕಿಗೆ ಹಿಡಿದು ನೋಡುತ್ತಾ ನಿಂತಿದ್ದೆ.

"ಏನೇ ಇರುವೆ, ಅದರಲ್ಲಿ ಏನು ಬರೆದಿದೆ ಅಂತ ಓದ್ತಿದ್ದೀಯ?" ಎಂದಳು ದೊಡ್ಡಮ್ಮ.

ಒಂದು ಕಡೆ ಕೂರುವುದಿಲ್ಲವೆಂದು ನನಗೆ ಇರುವೆ ಎಂದು ಹೆಸರಿಟ್ಟವಳು ಅವಳೇ. ಶಾಲೆ ಬಿಟ್ಟದ್ದೂ ಅದಕ್ಕೇ — ಕೂರಲು ಆಗುತ್ತಿರಲಿಲ್ಲ. ಬಡತನ ಎಂದರೆ ಜನ ಅಯ್ಯೋ ಅನ್ನುತ್ತಾರೆ, ಆದರೆ ಅದು ಸುಳ್ಳು.

ಫೆಬ್ರವರಿ 3, ಶುಕ್ರವಾರ

ಗಂಟಲಿನಿಂದ ಕೆಳಗಿಳಿದೆವು. ಶ್ವಾಸನಾಳ.

ಒಂದೇ ವಾಕ್ಯವನ್ನು ಮತ್ತೆ ಮತ್ತೆ ಕೇಳಿದೆ. ನಾಳದ ಒಳಗೋಡೆ ತುಂಬ ಕಣ್ಣಿಗೆ ಕಾಣದ ಕೂದಲು. ಸಿಲಿಯಾ ಅಂತ. ಅದರ ಮೇಲೆ ಲೋಳೆಯ ತೆಳು ಹೊದಿಕೆ. ಒಳಗೆ ಬಿದ್ದ ಧೂಳು, ರೋಗದ ಕ್ರಿಮಿ ಎಲ್ಲ ಲೋಳೆಗೆ ಅಂಟುತ್ತದೆ. ಕೂದಲುಗಳು ಒಟ್ಟಿಗೆ ಬಡಿಯುತ್ತಾ ಲೋಳೆಯನ್ನು ಮೇಲಕ್ಕೆ, ಗಂಟಲಿನ ಕಡೆಗೆ ಸಾಗಿಸುತ್ತವೆ. ನಾವು ಮಲಗಿದ್ದಾಗಲೂ. ಗಂಟಲಿಗೆ ಬಂದದ್ದನ್ನು ನಮಗೇ ತಿಳಿಯದೆ ನುಂಗಿಬಿಡುತ್ತೇವೆ. ಹೊಟ್ಟೆಯ ಹುಳಿಯಲ್ಲಿ ಕ್ರಿಮಿಯ ಕಥೆ ಮುಗಿಯುತ್ತದೆ.

ಊಟಕ್ಕೆ ಕೂತಾಗ ಹೇಳಿದೆ. "ದೊಡ್ಡಮ್ಮಾ, ನಾವೆಲ್ಲ ದಿನಾ ಪೂರ್ತಿ ಕಫ ನುಂಗ್ತಾ ಇರ್ತೀವಿ."

"ಅನ್ನದ ಮುಂದೆ ಹೇಳೋ ಮಾತಾ ಇದು?"

"ಓದಿದ್ದು ನೀನೇ."

"ಓದೋದು ನನ್ನ ಕೆಲಸ. ಕೇಳಿಸ್ಕೊಳ್ಳೋದು ನನ್ನ ಕೆಲಸ ಅಲ್ಲ."

ನಿಜ. ರೈಲ್ವೆ ಸ್ಟೇಷನ್ನಿನಲ್ಲಿ ಮೈಕ್ ಹಿಡಿದವಳು ಅವಳು. ಯಾವ ಗಾಡಿ ಎಲ್ಲಿಗೆ ಬಂತೆಂದು ಊರಿಗೆಲ್ಲ ಹೇಳುತ್ತಿದ್ದಳು. ತಾನು ಮಾತ್ರ ಒಂದಕ್ಕೂ ಹತ್ತಲಿಲ್ಲ. ಆಮೇಲೆ ಕಂಪ್ಯೂಟರ್ ದನಿ ಬಂತು, ಇವಳಿಗೆ ಹೂಗುಚ್ಛ ಕೊಟ್ಟು ಕಳಿಸಿದರು. ಆ ಹೂಗುಚ್ಛವನ್ನು ಸ್ಟೇಷನ್ನಿನ ಬೆಂಚಿನ ಮೇಲೇ ಬಿಟ್ಟು ಬಂದಿದ್ದಳು.

ಫೆಬ್ರವರಿ 5, ಭಾನುವಾರ

ರಜೆ. ಬೆಳಿಗ್ಗೆಯೇ ಮಾಂಸದ ಅಂಗಡಿಗೆ ಹೋದೆ.

"ಪುಪ್ಪುಸ ಬೇಕು. ಗಂಟಲ ಕೊಳವೆ ಸಮೇತ. ಈಗಷ್ಟೇ ಕಡಿದದ್ದು."

ಅಂಗಡಿಯವ ಕತ್ತಿ ಕೆಳಗಿಟ್ಟ. "ನಾಯಿಗಾ?"

"ನನಗೆ."

"ತಿನ್ನೋಕಾ?"

"ನೋಡೋಕೆ."

ಕುರಿಯದು. ಬಿಸಿ ಇನ್ನೂ ಇತ್ತು. ಟೈರ್ ಅಂಗಡಿಯವರಿಂದ ಸೈಕಲ್ ಪಂಪ್ ಇಸಿದುಕೊಂಡು ಬಂದೆ. ಅಡುಗೆಮನೆಯ ಕಲ್ಲಿನ ಮೇಲೆ ಇಟ್ಟು, ಕೊಳವೆಗೆ ಪಂಪಿನ ತುದಿ ತೂರಿಸಿ ಒತ್ತಿದೆ. ಉಬ್ಬಿತು! ಕೆಂಪು ಮುದ್ದೆ ತಿಳಿಗುಲಾಬಿಯಾಗಿ, ಎರಡು ದಿಂಬಾಗಿ, ಕಲ್ಲಿನ ಅಂಚಿನವರೆಗೂ ಬಂತು. ಅದೇ ಹೊತ್ತಿಗೆ ದೊಡ್ಡಮ್ಮ ನೀರು ಕುಡಿಯಲು ಬಂದಳು. ಅವಳು ಕಿರುಚಿದ ದನಿ... ಸ್ಟೇಷನ್ನಿನಲ್ಲಿ ಮೈಕ್ ಯಾಕೆ ಕೊಟ್ಟಿದ್ದರೋ ಗೊತ್ತಿಲ್ಲ, ಬೇಕಿರಲಿಲ್ಲ.

ಆಮೇಲೆ ನಿಜವಾದ ಕೆಲಸ. ಕೊಳವೆಯನ್ನು ಉದ್ದಕ್ಕೆ ಸೀಳಿ ತೆರೆದೆ. ಒಳಗೆ ನುಣ್ಣಗೆ, ಒದ್ದೆ, ಹೊಳಪು. ಉಗುರುಬೆಚ್ಚನೆ ನೀರಿನ ಪಾತ್ರೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ಕೊಳವೆ. ಪೆನ್ಸಿಲ್ ಸೀಸವನ್ನು ಬ್ಲೇಡಿನಿಂದ ಹೆರೆದು ಪುಡಿ ಉದುರಿಸಿದೆ. ಕಾದೆ. ಏನೂ ಇಲ್ಲ. ನನಗೆ ಕಾಯುವುದು ಬರುವುದಿಲ್ಲ. ಎದ್ದು ಒಂದು ಸುತ್ತು ಹಾಕಿ ಬಂದು ನೋಡಿದರೆ...

ಪುಡಿ ಮುಂದೆ ಹೋಗಿತ್ತು.

ಕಣ್ಣುಜ್ಜಿಕೊಂಡೆ. ತಟ್ಟೆ ಓರೆಯಾಗಿರಬಹುದೆಂದು ಇನ್ನೊಂದು ಕಡೆಗೆ ಓರೆ ಮಾಡಿದೆ. ಆಗಲೂ ಅದು ಗಂಟಲಿನ ಕಡೆಗೇ ಹೊರಟಿತು. ಏರಿ ಹೊರಟಿತು! ಪೆನ್ಸಿಲ್ ಪುಡಿಯ ಸಣ್ಣ ಮೆರವಣಿಗೆ.

ಕುರಿ ಸತ್ತಿದೆ. ಅದರ ಗಂಟಲಿಗೆ ಇನ್ನೂ ಗೊತ್ತಾಗಿಲ್ಲ. ಗುಡಿಸುತ್ತಲೇ ಇದೆ.

ದೊಡ್ಡಮ್ಮನನ್ನು ಎಳೆದುಕೊಂಡು ಬಂದು ತೋರಿಸಿದೆ. ಮೂಗಿಗೆ ಬಟ್ಟೆ ಹಿಡಿದು ಬಗ್ಗಿದವಳು ಸುಮಾರು ಹೊತ್ತು ಏಳಲಿಲ್ಲ. "ಪಾಪ," ಎಂದಳು. "ಯಾರೂ ನಿಲ್ಸು ಅಂತ ಹೇಳ್ಲಿಲ್ಲ ಅದಕ್ಕೆ." ಆಮೇಲೆ, "ಆ ಕಲ್ಲು ಸೋಪು ಹಾಕಿ ತೊಳೀಲಿಲ್ಲ ಅಂದ್ರೆ ನಿನ್ನನ್ನೇ ಪಂಪ್ ಹೊಡೆದು ಬಿಸಿಲಿಗೆ ಇಡ್ತೀನಿ."

ಫೆಬ್ರವರಿ 7, ಮಂಗಳವಾರ

ದೊಡ್ಡಮ್ಮನಿಗೆ ನೆಗಡಿ, ಮೈಕೈ ನೋವು. ಬೀದಿಯಲ್ಲಿ ಅರ್ಧಕ್ಕರ್ಧ ಜನರಿಗೆ ಇದೇ. ಜ್ವರ ಇದ್ದರೂ ಓದಲು ಬಂದಳು. ಸೈಲೆನ್ಸಣ್ಣ ಬೇಡ ಎಂದರು, ಆದರೆ ಗಟ್ಟಿಯಾಗಿ ಅಲ್ಲ. ಮಕ್ಕಳ ಪರೀಕ್ಷೆ ಹತ್ತಿರ ಬಂದಿದೆ, ಪುಸ್ತಕ ಅರ್ಧವೂ ಮುಗಿದಿಲ್ಲ.

ಇವತ್ತು ನಾಲ್ಕು ಮಾತಿಗೊಂದು ಕೆಮ್ಮು. ಬೇಜಾರಿಗೆ ಒಂದು ಕೆಮ್ಮನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದೆ. ಮೂರು ತುಂಡು. ಮೊದಲು ಸಣ್ಣ ಗುಡ್ಡ, ಅದು ಉಸಿರು ಎಳೆದದ್ದು. ನಡುವೆ ಸಪಾಟು ಗೆರೆ, ಏನೂ ಇಲ್ಲ. ಆಮೇಲೆ ನೆಟ್ಟಗೆ ಮೇಲಕ್ಕೆ ಚುಚ್ಚಿದ ಚೂರಿ. ಆ ಸಪಾಟು ಗೆರೆ ಏನೆಂದು ತಲೆ ಕೆರೆದುಕೊಂಡೆ. ಪುಸ್ತಕದಲ್ಲಿ ಇತ್ತು: ಗಂಟಲಿನ ಬಾಗಿಲು ಮುಚ್ಚಿಕೊಂಡು ಒಳಗೆ ಗಾಳಿ ಒತ್ತಿಕೊಳ್ಳುವ ಹೊತ್ತು ಅದು. ಮಾತು ಹುಟ್ಟಿಸುವ ಅದೇ ಎರಡು ಮಡಿಕೆಗಳು ಬಾಗಿಲು. ಹೊಡೆದುಕೊಂಡು ತೆರೆದಾಗ ಗಾಳಿ ಬಿರುಗಾಳಿಯಾಗಿ ಹೊರಬರುತ್ತದೆ. ಗುಡಿಸುವವರ ಕೈಲಿ ಆಗದ್ದನ್ನು ಕೆಮ್ಮು ಒದ್ದು ಹೊರಗೆ ಹಾಕುತ್ತದೆ.

ಕೆಮ್ಮು ಕಾಯಿಲೆ ಎಂದುಕೊಂಡಿದ್ದೆ. ಕಾವಲಂತೆ.

ಕೆಲವನ್ನು ಅಳಿಸದೆ ಬೇರೆ ಕಡೆ ತೆಗೆದಿಟ್ಟೆ. ಸುಮ್ಮನೆ. ಚೆನ್ನಾಗಿವೆ.

ಫೆಬ್ರವರಿ 9, ಗುರುವಾರ

ಸೈಲೆನ್ಸಣ್ಣ ಒಂದು ಹೊಸದು ತೋರಿಸಿದರು. ಕಂಪ್ಯೂಟರ್ ದನಿ. ಪುಟ ಹಾಕಿದರೆ ಅದೇ ಓದುತ್ತದೆ. ಹೆಣ್ಣು ದನಿ, ಅಚ್ಚುಕಟ್ಟು, ಎಲ್ಲೂ ತಡವರಿಸುವುದಿಲ್ಲ.

ದೊಡ್ಡಮ್ಮ ಕೈ ಕಟ್ಟಿ ಕೇಳಿದಳು. "ಇವಳು ಉಸಿರೇ ಆಡಲ್ವಲ್ಲ."

"ನಿಮ್ಮ ಉಸಿರನ್ನೂ ಈ ಹುಡುಗಿ ತೆಗೀತಾಳಲ್ಲ, ಮೇಡಂ," ಎಂದರು ಅವರು. ಕೆಟ್ಟದಾಗಿ ಹೇಳಲಿಲ್ಲ. ಆದರೆ ಹೇಳಿದರು. "ನನಗೂ ಇಷ್ಟ ಇಲ್ಲ. ನೀವು ಹುಷಾರಾಗಲಿಲ್ಲ ಅಂದ್ರೆ ನಾನೇನು ಮಾಡ್ಲಿ?"

"ನಾಳೆ ಹುಷಾರಾಗ್ತೀನಿ."

ಅವರು ಔಷಧಿ ಅಂಗಡಿಯಿಂದ ಒಂದು ಸಿರಪ್ ತಂದುಕೊಟ್ಟರು. ಒಣ ಕೆಮ್ಮನ್ನು ಮಲಗಿಸುವುದು. ಇವಳದು ಒಣ ಕೆಮ್ಮಲ್ಲ, ನನಗೆ ಹೆಡ್‌ಫೋನಿನಲ್ಲಿ ಗೊತ್ತು, ಗೊರಗೊರ ಇದೆ. ಹೇಳಿದೆ.

"ನೀನು ಯಾವಾಗ ಡಾಕ್ಟರ್ ಆದೆ?" ಎಂದಳು. ಮುಚ್ಚಳ ಬಿಚ್ಚಿ ಸೀಸೆಯಿಂದಲೇ ಕುಡಿದಳು.

ಮಧ್ಯಾಹ್ನದ ಮೇಲೆ ಒಂದೂ ಕೆಮ್ಮಿಲ್ಲ. ಬೇಗ ಕೆಲಸ ಮುಗಿಯಿತು. ಖುಷಿಯಾಯಿತು ನನಗೆ. ಆಗಲಿಲ್ಲ ಎಂದು ಬರೆದರೆ ಯಾರು ಓದುತ್ತಾರೆ... ಆದರೂ, ಆಯಿತು.

ಫೆಬ್ರವರಿ 11, ಶನಿವಾರ

ಶ್ವಾಸಕೋಶದ ತಳ ಮುಟ್ಟಿದೆವು. ಗಾಳಿಗೂಡುಗಳು. ದ್ರಾಕ್ಷಿ ಗೊಂಚಲಿನ ಹಾಗೆ, ಗೋಡೆ ತೀರಾ ತೆಳು. ಅಲ್ಲಿ ಕೂದಲೂ ಇಲ್ಲ, ಲೋಳೆಯ ಹೊದಿಕೆಯೂ ಇಲ್ಲ. ಇದ್ದರೆ ಗಾಳಿ ರಕ್ತಕ್ಕೆ ದಾಟುವುದು ಹೇಗೆ? ಹಾಗಾದರೆ ಅಲ್ಲಿ ಕಾವಲು ಯಾರದು ಎಂದು ಪುಟ ತಿರುವುವ ಮೊದಲೇ ತಲೆ ತುರಿಸತೊಡಗಿತು. ಗಾಜು ಬಡಿದು ಕೇಳಿದೆ.

"ದೊಡ್ಡಮ್ಮಾ, ಮುಂದಿನ ಪುಟದಲ್ಲಿ ಏನಿದೆ?"

"ಸೈಲೆನ್ಸ್!" — ಸೈಲೆನ್ಸಣ್ಣ.

ಇದ್ದಾವೆ. ಭಕ್ಷಕ ಕೋಶಗಳು. ಗೂಡಿನೊಳಗೆ ಒಂಟಿಯಾಗಿ ತೆವಳುತ್ತಾ ತಿರುಗುತ್ತವೆ. ಸಿಕ್ಕಿದ ಧೂಳನ್ನು, ಕ್ರಿಮಿಯನ್ನು ಮೈಯಿಂದಲೇ ಸುತ್ತಿಕೊಂಡು ನುಂಗುತ್ತವೆ. ಸಣ್ಣ ಜಗಳವಾದರೆ ತಾವೇ ಮುಗಿಸುತ್ತವೆ. ಕೈ ಮೀರಿದರೆ ರಕ್ತದಲ್ಲಿರುವವರನ್ನು ಕೂಗಿ ಕರೆಯುತ್ತವೆ. ಬಂದವರು ಗುಂಪಾಗಿ ಬರುತ್ತಾರೆ, ಜೊತೆಗೆ ನೀರು ನುಗ್ಗುತ್ತದೆ. ಜಗಳ ಬಿಡಿಸಲು ಬಂದವರೇ ಮನೆ ತುಂಬಿಕೊಂಡರೆ ಉಸಿರಾಡುವುದು ಎಲ್ಲಿ? ಹಾಗೆಂದು ಪುಸ್ತಕ ಹೇಳಿಲ್ಲ, ನಾನು ಹೇಳುತ್ತಿದ್ದೇನೆ.

ಒಂದು ವಿಚಿತ್ರ. ಕೆಮ್ಮಿಲ್ಲ, ಆದರೂ ಕೆಲಸ ಜಾಸ್ತಿಯಾಗಿದೆ. ಉಸಿರು ತೆಗೆದು ತೆಗೆದು ಬೆರಳು ನೋಯುತ್ತಿದೆ. ದೊಡ್ಡಮ್ಮ ವಾಕ್ಯ ಮುಗಿಯುವ ಮುಂಚೆ ಉಸಿರು ಎಳೆಯುತ್ತಿದ್ದಾಳೆ. ಗಾಡಿಗಳ ಹೆಸರನ್ನು ಒಂದೇ ದಮ್ಮಿಗೆ ಹೇಳುತ್ತಿದ್ದವಳು.

ಫೆಬ್ರವರಿ 13, ಸೋಮವಾರ

"ಶ್ವಾಸ" — ಉಸಿರು — "ಕೋಶ." ಒಂದು ಪದದ ನಡುವೆ.

ನಾನು ಅಂಟಿಸಿದೆ. ಕೇಳಿದರೆ ಗೊತ್ತೇ ಆಗುವುದಿಲ್ಲ. ನನ್ನ ಕೈ ಅಷ್ಟು ಪಳಗಿದೆ.

ಆಮೇಲೆ ಇನ್ನೊಂದು ಸದ್ದು. ಉಸಿರು ಎಳೆದು ಮುಗಿಯುವ ಕೊನೆಯಲ್ಲಿ, ಸಣ್ಣಗೆ, ಚಿಟಚಿಟಚಿಟ. ಕಿವಿಯ ಹತ್ತಿರ ಕೂದಲನ್ನು ಬೆರಳಲ್ಲಿ ಉಜ್ಜಿದ ಹಾಗೆ. ಮೊದಲು ವೈರ್ ಎಂದುಕೊಂಡೆ. ವೈರ್ ಬದಲಾಯಿಸಿದೆ. ಮೈಕ್ ಬದಲಾಯಿಸಿದೆ. ನಾನೇ ಹೋಗಿ ಮೈಕಿನ ಮುಂದೆ ಉಸಿರಾಡಿ ಬಂದು ಕೇಳಿದೆ. ನನ್ನ ಉಸಿರಿನಲ್ಲಿ ಇಲ್ಲ. ಅವಳ ಉಸಿರಿನಲ್ಲಿ ಇದೆ. ಪ್ರತಿ ಉಸಿರಿನಲ್ಲಿ.

ಮನೆಗೆ ಬರುವಾಗ ಮೆಟ್ಟಿಲಲ್ಲಿ ಎರಡು ಕಡೆ ನಿಂತಳು. ಚೀಲದಲ್ಲಿ ಏನೋ ಹುಡುಕುವ ಹಾಗೆ ಮಾಡಿದಳು. ಚೀಲ ಖಾಲಿ ಎಂದು ನನಗೆ ಗೊತ್ತು.

"ಆಸ್ಪತ್ರೆಗೆ ಹೋಗೋಣ ದೊಡ್ಡಮ್ಮ."

"ಯಾಕೆ? ಕೆಮ್ಮು ಹೋಯ್ತಲ್ಲ."

"ಹೋಗಿಲ್ಲ. ಮಲಗಿದೆ. ಒಳಗೆ ಕಸ ಹಾಗೇ ಇದೆ."

"ಮಾಂಸದಂಗಡಿಗೆ ಒಂದು ಸಲ ಹೋಗಿಬಂದು ಎಂಥ ಪಂಡಿತೆ ಆಗ್ಬಿಟ್ಟೆಯೇ!" ನಗಲು ಹೋದವಳು ಪಕ್ಕೆ ಹಿಡಿದುಕೊಂಡಳು. ಆಮೇಲೆ ಫೋನ್ ತೆಗೆದಳು. ಸೈಲೆನ್ಸಣ್ಣ ಕಳಿಸಿದ್ದ ಇವತ್ತಿನ ಪಾಠ ಹಾಕಿದಳು. ನಾನು ತೊಳೆದು ಒರೆಸಿ ಕೊಟ್ಟ ಪಾಠ. "ಕೇಳು. ಎಲ್ಲಿದೆ ಏದುಸಿರು? ಎಲ್ಲಿದೆ ಕಾಯಿಲೆ? ಮೂವತ್ತರ ಹೆಂಗಸಿನ ದನಿ ಇದ್ದ ಹಾಗಿದೆ."

ಅವಳು ನಂಬಿದ್ದಾಳೆ. ನನ್ನ ಮುಂದೆ ನಾಟಕವಲ್ಲ, ನಿಜವಾಗಿಯೂ ನಂಬಿದ್ದಾಳೆ. ದಿನಾ ಸಂಜೆ ಕೂತು ತನ್ನ ದನಿ ಕೇಳಿ ತಾನು ಹುಷಾರಾಗಿದ್ದೇನೆ ಎಂದುಕೊಳ್ಳುತ್ತಾಳೆ. ಆ ಹುಷಾರನ್ನು ಮಾಡಿದವಳು ನಾನು.

ಫೆಬ್ರವರಿ 14, ಮಂಗಳವಾರ. ಬೆಳಿಗ್ಗೆ

ದೊಡ್ಡಮ್ಮನಿಗೆ ಉಸಿರು ಸಾಲುತ್ತಿಲ್ಲ ಎಂದು ಸೈಲೆನ್ಸಣ್ಣನಿಗೆ ಹೇಳಿದೆ. ಅವರೂ ನನ್ನ ಫೈಲ್ ಹಾಕಿ ಕೇಳಿದರು. "ಚೆನ್ನಾಗೇ ಇದೆಯಲ್ಲಮ್ಮ?"

"ಇವತ್ತಿಂದ ನಾನು ಕೆಮ್ಮು ತೆಗೆಯಲ್ಲ. ಉಸಿರೂ ತೆಗೆಯಲ್ಲ."

"ಏನು ಸ್ಟ್ರೈಕಾ?"

"ಇದನ್ನ ಕೇಳಿ."

ದೊಡ್ಡಮ್ಮ ಮೈಕಿನ ಮುಂದೆ ಕೂತಿದ್ದಳು. ಸ್ಪೀಕರ್ ದೊಡ್ಡದು ಮಾಡಿದೆ. ನಿನ್ನೆ ಅವಳು ಓದಿದ್ದು, ಕೈ ಹಾಕದೆ ಇಟ್ಟದ್ದು. ಎರಡು ಪದ, ಉಸಿರು, ಚಿಟಚಿಟ. ಒಂದು ಪದ, ಉಸಿರು, ಚಿಟಚಿಟ. ಅವಳು ಗಾಜಿನ ಆಚೆ ಕೂತು ಕೇಳಿದಳು. ಕೆಳಗೆ ಗಾಳಿ ತುಂಬುವ ಮಷೀನ್ ಶುರುವಾಯಿತು. ಸೈಲೆನ್ಸಣ್ಣ ಕಿಟಕಿಗೆ ಹೋಗಲಿಲ್ಲ.

ದೊಡ್ಡಮ್ಮ ಹೊರಗೆ ಬಂದಳು. "ನನ್ನ ಮರ್ಯಾದೆ ತೆಗೆದೆ ನೀನು. ಎಲ್ಲರ ಮುಂದೆ."

"ಎಲ್ಲರೂ ಅಂದ್ರೆ ಸೈಲೆನ್ಸಣ್ಣ ಒಬ್ಬರೇ."

"ನಿನ್ನನ್ನ ಸಾಕಿದ್ದಕ್ಕೆ—"

ಮಾತು ಮುಗಿಯಲಿಲ್ಲ. ಸಿಟ್ಟಿನಿಂದಲ್ಲ. ಮುಗಿಸುವಷ್ಟು ಗಾಳಿ ಇರಲಿಲ್ಲ. ಮೇಜು ಹಿಡಿದುಕೊಂಡಳು. ತುಟಿಯ ಬಣ್ಣ ಹಗಲ ಬೆಳಕಿನಲ್ಲಿ ಈಗ ಸರಿಯಾಗಿ ನೋಡಿದೆ. ನೇರಳೆ.

"ಗಾಡಿ ತರ್ತೀನಿ," ಎಂದರು ಸೈಲೆನ್ಸಣ್ಣ, ಪಿಸುಮಾತಿನಲ್ಲಿ. ಅವರಿಗೆ ಪಿಸುಮಾತು ಬರುತ್ತದೆಂದು ಇವತ್ತೇ ತಿಳಿದದ್ದು.

ಫೆಬ್ರವರಿ 17, ಶುಕ್ರವಾರ. ಆಸ್ಪತ್ರೆ

ಈಗ ಸ್ವಲ್ಪ ಕೂತು ಬರೆಯಬಹುದು. ನ್ಯುಮೋನಿಯ. ಬಲಗಡೆ ಕೆಳಗಿನ ಭಾಗ ಪೂರ್ತಿ ತುಂಬಿಕೊಂಡಿದೆ. ಮೂಗಿಗೆ ಆಕ್ಸಿಜನ್ ನಳಿಕೆ, ಕೈಗೆ ಸೂಜಿ. ಡಾಕ್ಟರಮ್ಮ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ತೋರಿಸಿದರು. ಗಾಳಿ ಇದ್ದ ಕಡೆ ಕಪ್ಪು, ತುಂಬಿಕೊಂಡ ಕಡೆ ಬಿಳಿ. ಬಿಳಿ ಒಳ್ಳೆಯದು ಎಂದುಕೊಂಡಿದ್ದೆ.

ಚಿಟಚಿಟದ ಬಗ್ಗೆ ಹೇಳಿದೆ. ಅವರು ಸ್ಟೆತಸ್ಕೋಪನ್ನು ನನ್ನ ಕಿವಿಗೇ ಇಟ್ಟು ದೊಡ್ಡಮ್ಮನ ಬೆನ್ನ ಮೇಲೆ ಹಿಡಿದರು. ಅದೇ ಸದ್ದು! ಹತ್ತು ಪಟ್ಟು ದೊಡ್ಡದು.

"ಅಂಟಿಕೊಂಡ ಗಾಳಿಗೂಡುಗಳು ಬಿಡಿಸಿಕೊಳ್ಳೋ ಸದ್ದು ಅದು," ಎಂದರು.

"ಸಿರಪ್‌ನಿಂದ ಆಯ್ತಾ? ನಾನು ಬೇಗ ಹೇಳಬೇಕಿತ್ತಾ?"

"ಬೇಗ ಬಂದಿದ್ರೆ ಒಳ್ಳೇದಿತ್ತು. ಆದರೆ ಸಿರಪ್ ಒಂದರಿಂದಲೇ ಅಂತ ಹೇಳೋಕಾಗಲ್ಲ. ಮೊದಲು ಬಂದಿದ್ದು ಫ್ಲೂ. ಅದು ಸಿಲಿಯಾ ಇರೋ ಪದರವನ್ನೇ ಕಿತ್ತುಹಾಕುತ್ತೆ. ಮತ್ತೆ ಬೆಳೆಯೋಕೆ ವಾರಗಳು ಬೇಕು. ಅಲ್ಲೀವರೆಗೂ ಕಸ ಹೊರಗೆ ಹಾಕೋದು ಕೆಮ್ಮೊಂದೇ. ಆ ಹೊತ್ತಲ್ಲೇ ಅದನ್ನೂ ಮಲಗಿಸಿದ್ರಿ."

ನಿಜ ಹೇಳಿದರು. ಸಮಾಧಾನಕ್ಕೆ ಏನೂ ಸೇರಿಸಲಿಲ್ಲ. ಇಷ್ಟವಾದರು.

ಹಾಗಾದರೆ ಆ ಸತ್ತ ಕುರಿಯ ಗಂಟಲಿಗಿಂತ ದೊಡ್ಡಮ್ಮನ ಗಂಟಲು ಖಾಲಿ ಈಗ. ಅಲ್ಲಿ ಗುಡಿಸುವವರಿದ್ದರು.

ಫೆಬ್ರವರಿ 19, ಭಾನುವಾರ. ಸಂಜೆ

ಜ್ವರ ಇಳಿದಿದೆ. ಔಷಧಿ ಕ್ರಿಮಿಗಳನ್ನು ಕೊಲ್ಲುತ್ತಿದೆ. ಆದರೆ ಸತ್ತದ್ದು, ಕೊಳೆತದ್ದು ಒಳಗೇ ಇದೆ. ಮುದ್ದೆಗಟ್ಟಿ ಒಂದು ಕೊಳವೆಗೆ ಬೆಣೆ ಹೊಡೆದ ಹಾಗೆ ಕೂತಿದೆಯಂತೆ. ಅದು ಹೊರಗೆ ಬರಬೇಕು. ಔಷಧಿಗೆ ಆ ಕೆಲಸ ಬರುವುದಿಲ್ಲ. ಕೆಮ್ಮಬೇಕು.

ದೊಡ್ಡಮ್ಮ ಕೆಮ್ಮುವುದಿಲ್ಲ.

ಸಿರಪ್ ನಿಲ್ಲಿಸಿ ಎಷ್ಟೋ ದಿನವಾಯಿತು. ಕೆಮ್ಮು ಬರುತ್ತದೆ, ಗಂಟಲಿನವರೆಗೂ ಬರುತ್ತದೆ, ನಾನೇ ನೋಡುತ್ತೇನೆ. ಕಣ್ಣು ತುಂಬಿಕೊಳ್ಳುತ್ತದೆ, ಕತ್ತಿನ ನರ ಉಬ್ಬುತ್ತದೆ. ನುಂಗಿಬಿಡುತ್ತಾಳೆ. ಪಕ್ಕೆ ನೋವು ಒಂದು. ಇನ್ನೊಂದು, ಇಷ್ಟು ವರ್ಷ ಮೈಕಿನ ಮುಂದೆ ಕಲಿತದ್ದು. ಗಾಡಿ ಬಂದಾಗ ಕೆಮ್ಮಿದರೆ ಊರಿಗೆಲ್ಲ ಕೇಳುತ್ತದೆ.

ಎದೆ ತಟ್ಟುವ ಅಕ್ಕ ಬರುತ್ತಾಳೆ — ಫಿಸಿಯೋಥೆರಪಿಯವಳು. ಕೈಯನ್ನು ಬಟ್ಟಲಿನ ಹಾಗೆ ಮಾಡಿ ಬೆನ್ನಿಗೆ ದಬದಬ ಬಡಿಯುತ್ತಾಳೆ. "ಕೆಮ್ಮಿ ಅಮ್ಮಾ! ಜೋರಾಗಿ! ಎಲ್ಲಾರ್ಗೂ ಕೇಳೋ ಹಾಗೆ!"

ದೊಡ್ಡಮ್ಮ ಸುತ್ತ ಮಂಚಗಳ ಕಡೆ ನೋಡಿದಳು. "ಆಮೇಲೆ," ಎಂದಳು.

"ಆಮೇಲೆ ಅಂತ ಯಾವ ಗಾಡಿ ಇದೆ ನಿಮ್ದು?" ಎಂದಳು ಅಕ್ಕ. ಅವಳಿಗೆ ಸ್ಟೇಷನ್ ವಿಷಯ ಗೊತ್ತಿಲ್ಲ. ನಾನು ಮುಖ ತಿರುಗಿಸಿ ನಕ್ಕೆ.

ಡಾಕ್ಟರಮ್ಮ ಸಂಜೆ ಬಂದು ಮಂಚದ ಅಂಚಿನಲ್ಲಿ ಕೂತರು. ನಾಳೆ ಮಧ್ಯಾಹ್ನದೊಳಗೆ ಆ ಬೆಣೆ ಸಡಿಲವಾಗದಿದ್ದರೆ ಗಂಟಲಿನ ಮೂಲಕ ನಳಿಕೆ ಇಳಿಸಿ ಹೀರಬೇಕು. ಮಾತು ಹುಟ್ಟಿಸುವ ಆ ಎರಡು ಮಡಿಕೆಗಳ ನಡುವೆಯೇ ನಳಿಕೆ ಹೋಗಬೇಕು.

"ದನಿ?" ಎಂದಳು ದೊಡ್ಡಮ್ಮ. ಅಷ್ಟೇ ಕೇಳಿದಳು.

"ಸ್ವಲ್ಪ ದಿನ ಒಡೆದಿರಬಹುದು. ಸಾಮಾನ್ಯವಾಗಿ ಸರಿಹೋಗುತ್ತೆ. ನನಗೆ ದನಿಗಿಂತ ಚಿಂತೆ ಇರೋದು ನಿಮ್ಮ ಎದೆ ಇಷ್ಟು ಸುಸ್ತಾಗಿರುವಾಗ ಅದನ್ನ ತಡ್ಕೊಳ್ಳೋದು."

ಅವರು ಹೋದ ಮೇಲೆ ದೊಡ್ಡಮ್ಮ ನನ್ನ ಕೈ ಹಿಡಿದಳು. ಹಿಡಿತದಲ್ಲಿ ಬಲವೇ ಇಲ್ಲ. ನನಗೆ ಭಯ. ಬರೆದುಬಿಟ್ಟೆ. ಬರೆದರೆ ಕಡಿಮೆಯಾಗುತ್ತದೆಂದು ಯಾರೋ ಹೇಳಿದ್ದರು, ಆಗಲಿಲ್ಲ.

ಫೆಬ್ರವರಿ 20, ಸೋಮವಾರ. ಬೆಳಿಗ್ಗೆ ಹತ್ತು

ಅವಳ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕೂತೇ ಇದ್ದೇನೆ. ಅವಳು ನೋಡಿದರೆ ಆಶ್ಚರ್ಯಪಡುತ್ತಾಳೆ, ಆದರೆ ಕಣ್ಣು ಮುಚ್ಚಿದ್ದಾಳೆ.

ಎದೆ ತಟ್ಟುವ ಅಕ್ಕ ಬಂದು, ಕಫ ಉಗುಳಲು ಒಂದು ಬೋಗುಣಿ ಇಟ್ಟು ಹೋದಳು. ಹೊಸದೊಂದು ಹೇಳಿಕೊಟ್ಟಳು. ಕೆಮ್ಮು ಬೇಡವಾದರೆ ಊದಿ. ಕನ್ನಡಕ ಒರೆಸುವ ಮುಂಚೆ ಗಾಜಿನ ಮೇಲೆ ಬಾಯಿ ಅಗಲ ಮಾಡಿ ಹಾ... ಎಂದು ಬಿಸಿಯುಸಿರು ಬಿಡುತ್ತೀರಲ್ಲ, ಹಾಗೆ. ಸ್ವಲ್ಪ ಜೋರಾಗಿ. ಗಂಟಲಿನ ಬಾಗಿಲು ಮುಚ್ಚದೆಯೇ ಒಳಗಿನದು ಒಂದೊಂದೇ ಕೊಳವೆ ದಾಟಿ ಮೇಲಕ್ಕೆ ಬರುತ್ತದಂತೆ. ಪಕ್ಕೆಗೆ ದಿಂಬು ಒತ್ತಿಕೊಂಡರೆ ನೋವೂ ಕಡಿಮೆ. ನಾನು ಅಲ್ಲೇ ಮಾಡಿ ನೋಡಿದೆ. ಹೊಟ್ಟೆಯ ಸ್ನಾಯು ಹಿಡಿದುಕೊಳ್ಳುತ್ತದೆ. ಚೆನ್ನಾಗಿದೆ ಉಪಾಯ.

ದೊಡ್ಡಮ್ಮ ಕನ್ನಡಕ ತೆಗೆದುಕೊಳ್ಳಲಿಲ್ಲ.

ಹತ್ತೂವರೆ

ಸೈಲೆನ್ಸಣ್ಣ ಬಾಗಿಲವರೆಗೆ ಬಂದು ನನ್ನನ್ನು ಹೊರಗೆ ಕರೆದರು. ಕಣ್ಣು ಕೆಳಗೆ. "ಉಳಿದ ಪಾಠ ಕಂಪ್ಯೂಟರ್ ಕೈಲಿ ಓದಿಸಿಬಿಟ್ಟೆ. ಮಕ್ಕಳಿಗೆ ಪರೀಕ್ಷೆ ಇದೆಯಲ್ಲಮ್ಮ. ಮೇಡಂಗೆ ಈಗ ಹೇಳ್ಬೇಡ."

"ಅವಳು ಕೇಳಿದ್ರೆ ಹೇಳ್ತೀನಿ."

"ಒಂದು ದಿನ ಸುಳ್ಳು ಹೇಳಿದ್ರೆ ಏನಾಗುತ್ತೆ ನಿನಗೆ?"

ಏನಾಗುತ್ತದೋ ಗೊತ್ತಿಲ್ಲ. ಹೇಳಿ ಅಭ್ಯಾಸವಿಲ್ಲ. ಆದರೂ ಈ ಸಲ ಬಾಯಿ ಮುಚ್ಚಿಕೊಂಡಿರಬೇಕೆಂದು ನನಗೂ ಅನ್ನಿಸಿತು. ದೇವರೇ, ಅವಳು ಕೇಳದಿರಲಿ ಎಂದುಕೊಂಡು ಒಳಗೆ ಬಂದೆ.

ಕೇಳಿದಳು. ಕೂತುಕೊಳ್ಳುವ ಮುಂಚೆಯೇ.

"ಪುಸ್ತಕ ನಿಂತಿದೆಯಾ?"

"ಇಲ್ಲ."

"ಯಾರು ಓದ್ತಿದ್ದಾರೆ?"

"ಕಂಪ್ಯೂಟರ್."

ಗೋಡೆಯ ಕಡೆಗೆ ತಿರುಗಿಕೊಂಡಳು. ತಿರುಗುವುದಕ್ಕೇ ಎಷ್ಟೋ ಉಸಿರು ಬೇಕಾಯಿತು. ನಾನು ಹಾಳು ಮಾಡಿದೆ ಎಂದುಕೊಂಡೆ. ನಾಲಿಗೆ ಕಚ್ಚಿಕೊಂಡು ಕೂತಿದ್ದೇನೆ. ಗೋಡೆಯ ಮೇಲೆ ಬಣ್ಣ ಎದ್ದುಬಂದ ಒಂದು ಕಲೆ ಇದೆ. ಇಬ್ಬರೂ ಅದನ್ನೇ ನೋಡುತ್ತಿದ್ದೇವೆ.

ಹನ್ನೊಂದು ದಾಟಿದೆ

ಗೋಡೆ ಕಡೆಯಿಂದಲೇ ಮಾತು ಬಂತು.

"ಅವಳು..." ಉಸಿರು. "ಕೆಮ್ಮೋಕಾಗುತ್ತಾ ಅವಳಿಗೆ?"

ಯಾರಿಗೆ ಎಂದು ಒಂದು ಕ್ಷಣ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು.

"ಇಲ್ಲ ದೊಡ್ಡಮ್ಮ. ಎದೆಯೇ ಇಲ್ಲವಲ್ಲ."

ಕೈ ಹಿಂದಕ್ಕೆ ಚಾಚಿದಳು. ಬೆರಳು ಆಡಿಸಿದಳು, ಕೊಡು ಎನ್ನುವ ಹಾಗೆ. ಕನ್ನಡಕ ಕೊಟ್ಟೆ. ಎಬ್ಬಿಸಿ ಕೂರಿಸಿದೆ, ಪಕ್ಕೆಗೆ ದಿಂಬು ಒತ್ತಿದೆ.

ಊದಿದಳು. ಗಾಜಿನ ಮೇಲೆ ಏನೂ ಆಗಲಿಲ್ಲ.

ಇನ್ನೊಮ್ಮೆ. ಸಣ್ಣ ಮಂಜು, ಗುಂಡಿಯಷ್ಟು.

"ಸ್ಟೇಷನ್ನಲ್ಲಿ ಇಷ್ಟೊತ್ತಿಗೆ ಯಾವ ಗಾಡಿ ಬರ್ತಿತ್ತು?" ಎಂದೆ, ಸುಮ್ಮನೆ ಮಾತಿಗೆ.

"ಬಾಯಿ ಮುಚ್ಚು. ಕೆಲಸ... ಮಾಡ್ತಿದ್ದೀನಿ."

ಬೈದಳು! ಎಷ್ಟು ದಿನವಾಯಿತು ಬೈದು.

ಮತ್ತೆ ಊದಿದಳು. ಈ ಸಲ ಗಾಜು ಪೂರ್ತಿ ಬೆಳ್ಳಗಾಯಿತು. ಬಟ್ಟೆಯ ತುದಿಯಿಂದ ಒರೆಸಿ ಕನ್ನಡಕವನ್ನು ಬೆಳಕಿಗೆ ಹಿಡಿದು ನೋಡಿದಳು, ನಿಜವಾಗಿಯೂ ಅದನ್ನೇ ತೊಳೆಯುತ್ತಿರುವವಳ ಹಾಗೆ. ಮತ್ತೆ. ಎದುರು ಮಂಚದ ಅಜ್ಜಿ ಎದ್ದು ಕೂತು ನೋಡುತ್ತಿದ್ದಾರೆ. ಅವರ ಮಗನೂ ನೋಡುತ್ತಿದ್ದಾನೆ. ದೊಡ್ಡಮ್ಮನೂ ಅವರನ್ನು ನೋಡಿದಳು. ನುಂಗುತ್ತಾಳೆ ಎಂದುಕೊಂಡೆ. ನುಂಗಲಿಲ್ಲ.

ಒಳಗೆ ಏನೋ ಸರಿಯುತ್ತಿದೆ. ಗೊರಗೊರ, ಕೆಳಗೆಲ್ಲೋ ಇದ್ದದ್ದು ಈಗ ನಡು ಎದೆಯಲ್ಲಿ. ಇಲ್ಲಿ ಕೂತವಳಿಗೇ ಕೇಳುತ್ತಿದೆ. ಬರೆಯುತ್ತಲೇ ಕೇಳುತ್ತಿದ್ದೇನೆ. ಇನ್ನೂ ಮೇಲೆ. ಕಣ್ಣು ದೊಡ್ಡದಾಯಿತು ಅವಳದು, ನನ್ನ ಕಡೆ ನೋಡುತ್ತಿದ್ದಾಳೆ. ಕನ್ನಡಕ ಕೆಳಗಿಟ್ಟಳು. ದಿಂಬನ್ನು ಎರಡೂ ಕೈಯಿಂದ ಅಪ್ಪಿಕೊಂಡಳು. ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ಉಸಿರು ಎಳೆಯುತ್ತಿದ್ದಾಳೆ, ಉದ್ದ, ಇಷ್ಟು ದಿನದಲ್ಲಿ ಇಷ್ಟು ಉದ್ದ

ಬೋಗುಣಿ ಎಲ್ಲಿಟ್ಟೆ, ಮಂಚದ ಕೆ—